ಪುಕ್ಕ ಬಂದರೂ ಗುಟುಕು ಬೇಕು

ಗುಬ್ಬಿಯ ಒಂದು ಪ್ರೌಢಶಾಲೆಯಲ್ಲಿ ಬೋಧನಾಭ್ಯಾಸದ ಮೂರನೇ ಪಾಠ. ಎಂಟನೇ ತರಗತಿಗೆ ಪಕ್ಷಿಗಳ ಬಗ್ಗೆ ಹೇಳುತ್ತಿದ್ದೆ. ಒಬ್ಬ ಹುಡುಗ ಎದ್ದು ನಿಂತ. "ಮಿಸ್, ನಮ್ಮ ತೋಟದಲ್ಲಿ ಒಣಗಿದ ತೆಂಗಿನಮರ ಕಡಿದಾಗ ಪೊಟರೆಯಲ್ಲಿ ಎರಡು ಗಿಣಿಮರಿ ಸಿಕ್ಕಿದ್ವು. ಈಗ ಮೈತುಂಬ ಪುಕ್ಕ ಬಂದಿದೆ. ಬಾಯಿಗೆ ತಿನ್ನಿಸೋದು ಬಿಡಬಹುದಾ?" "ಬಿಡಬಹುದು, ಕಾಳು ಇಟ್ಟರೆ ತಾವೇ ತಿನ್ನುತ್ತವೆ" ಎಂದೆ. ಪಾಠಯೋಜನೆಯಲ್ಲಿಲ್ಲದ ಪ್ರಶ್ನೆಗೂ ತಡವರಿಸದೆ ಉತ್ತರಿಸಿದೆನೆಂದು ಖುಷಿಯೂ ಆಯಿತು. ಮುಂದಿನ ವಾರ ಒಂದು ಮರಿ ಸತ್ತಿತ್ತು.

ತುಮಕೂರಿಗೆ ಮರಳಿ ಕಾಲೇಜಿನ ಗ್ರಂಥಾಲಯದಲ್ಲಿ ಓದಿದಾಗ ನನ್ನ ತಪ್ಪು ತಿಳಿಯಿತು. ಪುಕ್ಕ ಬರುವುದನ್ನೂ ತಾನೇ ತಿನ್ನಲು ಕಲಿಯುವುದನ್ನೂ ನಾನು ಒಂದೇ ಎಂದುಕೊಂಡಿದ್ದೆ.

ನಮ್ಮ ಹಸಿರು ಗಿಣಿಯ ಮರಿ ಮೊಟ್ಟೆಯಿಂದ ಬರುವಾಗ ಬೆತ್ತಲೆ, ಕಣ್ಣೂ ಮುಚ್ಚಿರುತ್ತದೆ. ಕೆಲವು ವಾರಗಳಲ್ಲಿ ಚರ್ಮದಿಂದ ಸೂಜಿಯಂಥ ಕೊಳವೆಗಳು ಏಳುತ್ತವೆ. ಪ್ರತಿ ಕೊಳವೆಯೊಳಗೂ ರಕ್ತ ಹರಿಯುತ್ತಿರುತ್ತದೆ. ಆಗ ಅದು ಮುರಿದರೆ ರಕ್ತ ಸುರಿಯುತ್ತದೆ. ಒಳಗಿನ ಗರಿ ಬೆಳೆದಂತೆ ರಕ್ತ ಹಿಂದೆ ಸರಿದು, ಒಣಗಿದ ಹೊರಕವಚ ಹೊಟ್ಟಿನಂತೆ ಉದುರುತ್ತದೆ, ಗರಿ ಬಿಚ್ಚಿಕೊಳ್ಳುತ್ತದೆ. ಗರಿಯೆಲ್ಲ ಪ್ರೋಟೀನು. ಅದು ಬೆಳೆಯುವ ದಿನಗಳಲ್ಲಿ ಮರಿ ಹಸಿದರೆ ಗರಿಗೆ ಅಡ್ಡಲಾಗಿ ತೆಳುವಾದ ಗೆರೆ ಉಳಿಯುತ್ತದೆ, ಮುಂದೆ ಅಲ್ಲೇ ಮುರಿಯಲೂಬಹುದು. ಮರಿ ಸುಮಾರು 6–7 ವಾರಕ್ಕೆ ಪೊಟರೆ ಬಿಡುತ್ತದೆ. ಆಮೇಲೂ ಕೆಲಕಾಲ ತಂದೆತಾಯಿ ಗುಟುಕು ಕೊಡುತ್ತವೆ. ಕಾಳಿನ ಸಿಪ್ಪೆ ಬಿಡಿಸಲು ಕೊಕ್ಕು, ನಾಲಿಗೆ, ಕಾಲು ಮೂರೂ ಪಳಗಬೇಕು. ಆ ಪಾಠ ನಿಧಾನ. ಹಾರುವ ಮುನ್ನ ಮರಿಗಳು ತುಸು ಕಡಿಮೆ ತಿನ್ನುವುದೂ ಉಂಟು. ಅದನ್ನು ನೋಡಿ ಗುಟುಕು ಸಾಕೆಂದುಕೊಂಡರೆ ಮರಿ ಸೊರಗುತ್ತದೆ. ಹುಡುಗನ ಮನೆಯಲ್ಲಿ ಹಾಕುತ್ತಿದ್ದದ್ದು ಹಾಲನ್ನ. ಹಾಲಿನ ಸಕ್ಕರೆ ಹಕ್ಕಿಗೆ ಜೀರ್ಣವಾಗದು. ಅದನ್ನೂ ನಾನು ಕೇಳಿರಲಿಲ್ಲ.

ಇದೇ ಪಾಠವನ್ನು ಕುಣಿಗಲ್‌ನಲ್ಲಿ ಮಾಡುವಾಗ ಒಬ್ಬ ಹುಡುಗಿಯಿಂದ ಒಂದು ವಾರದ ನಾಟಿಕೋಳಿ ಮರಿ ತರಿಸಿದೆ. ರೆಕ್ಕೆಯ ಅಂಚಿನ ಕೊಳವೆಗಳನ್ನು ಮಕ್ಕಳು ಮುಟ್ಟಿ ನೋಡಿದರು. "ಇದಕ್ಕೆ ಗರಿ ಇನ್ನೂ ಬಂದಿಲ್ಲ, ಆದರೂ ತಾನೇ ಹೆಕ್ಕುತ್ತದೆ. ಗಿಣಿಮರಿಗೆ ಗರಿ ಬಂದಿದೆ, ಆದರೂ ಹೆಕ್ಕಲಾರದು. ಯಾಕೆ?" ಎಂದು ಕೇಳಿದೆ. ಚಾರ್ಟು ತೋರಿಸಿದ್ದರೆ ಇಷ್ಟು ಕೈ ಏಳುತ್ತಿರಲಿಲ್ಲ. ಹಿಂದಿನ ಬೆಂಚಿನವನೊಬ್ಬ, "ಕೋಳಿ ನೆಲದ ಮೇಲೆ ಮರಿ ಮಾಡುತ್ತೆ ಮಿಸ್, ಓಡದಿದ್ರೆ ನಾಯಿ ಹಿಡಿಯುತ್ತೆ. ಗಿಣಿ ಪೊಟರೆಯೊಳಗೆ ಇರುತ್ತಲ್ಲ" ಎಂದ. ನಾನು ಬರೆದುಕೊಂಡಿದ್ದ ಉತ್ತರಕ್ಕಿಂತ ಅದು ಚೆನ್ನಾಗಿತ್ತು.

ಕಾಯ್ದೆಯ ಮಾತು ಹೇಳಲೇಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ಗಿಣಿಯನ್ನು ಹಿಡಿದು ಸಾಕುವಂತಿಲ್ಲ. ಆದರೆ ತರಗತಿಯೆದುರು ಆ ಹುಡುಗನನ್ನು ಅಪರಾಧಿಯಂತೆ ನಿಲ್ಲಿಸಿದ್ದರೆ ಮುಂದೆ ಯಾರೂ ಪ್ರಶ್ನೆ ಕೇಳುತ್ತಿರಲಿಲ್ಲ. ಗುಬ್ಬಿಗೆ ಮತ್ತೆ ಹೋಗಿ, ಬಿಡುವಿನಲ್ಲಿ ಅವನನ್ನು ಕರೆದು ನನ್ನ ತಪ್ಪನ್ನೇ ಮೊದಲು ಹೇಳಿದೆ. ಉಳಿದ ಮರಿಯನ್ನು ಅವನೂ ಅವನ ತಂದೆಯೂ ಅರಣ್ಯ ಇಲಾಖೆಯವರಿಗೆ ಒಪ್ಪಿಸಿದರು.