ಮನೆಯಲ್ಲಿ ಸತ್ಯವೇದಪಾಠ: ಕಡೂರು ತರೀಕೆರೆ ಸೀಮೆಯ ವಾಚನಪದ್ಧತಿಯ ಬೆಳಕಿನಲ್ಲಿ

ಕ್ರೈಸ್ತರ ಸತ್ಯವೇದವು ಒಂದೇ ಗ್ರಂಥವೆಂದು ವ್ಯವಹಾರದಲ್ಲಿ ಹೇಳಲ್ಪಡುವುದಾದರೂ ವಾಸ್ತವವಾಗಿ ಅದೊಂದು ಗ್ರಂಥಭಂಡಾರ. ಪ್ರಾಟೆಸ್ಟಂಟರ ಎಣಿಕೆಯಂತೆ 66, ರೋಮನ್ ಕ್ಯಾಥೊಲಿಕರ ಎಣಿಕೆಯಂತೆ 73 ಪುಸ್ತಕಗಳು ಅದರಲ್ಲಿ ಅಡಕವಾಗಿವೆ. ಕಥೆ, ವಂಶಾವಳಿ, ಶಾಸನವಿಧಿ, ಕೀರ್ತನೆ, ನೀತಿವಾಕ್ಯ, ಪ್ರಲಾಪ, ಪತ್ರ, ದರ್ಶನ ಇವೆಲ್ಲವೂ ಅಲ್ಲಿ ಉಂಟು. ಇಂತಹ ಗ್ರಂಥವನ್ನು ನಾಲ್ಕು ವರ್ಷದ ಶಿಶುವಿಗೂ ಹದಿನಾಲ್ಕು ವರ್ಷದ ಹುಡುಗನಿಗೂ ಒಂದೇ ಮನೆಯಲ್ಲಿ, ಒಂದೇ ದೀಪದ ಮುಂದೆ ತಿಳಿಸುವುದು ಹೇಗೆ? ಶಾಲೆಯಲ್ಲಿ ತರಗತಿಗಳುಂಟು, ಮನೆಯಲ್ಲಿ ಅವು ಇಲ್ಲ. ಕಡೂರು, ತರೀಕೆರೆ, ಮತ್ತು ಮೊದಲು ತರೀಕೆರೆಗೆ ಸೇರಿದ್ದು ಈಚೆಗೆ ಪ್ರತ್ಯೇಕ ತಾಲ್ಲೂಕಾದ ಅಜ್ಜಂಪುರ, ಈ ಸೀಮೆಯಲ್ಲಿ ಕ್ರೈಸ್ತರು ಅಲ್ಪಸಂಖ್ಯಾತರು. ದೇವಾಲಯ ದೂರವಿರುವ ಊರಿನಲ್ಲಿ ಭಾನುವಾರದ ಪಾಠವು ಮಾಡಬೇಕಾದ ಕೆಲಸವೂ ಮನೆಯ ಮೇಲೆಯೇ ಬೀಳುವುದು. ಈ ಕೆಲಸಕ್ಕೆ ಬೇಕಾದ ಪದ್ಧತಿಯು ಪರದೇಶದ ಬೋಧನಶಾಸ್ತ್ರದಿಂದ ಬರಬೇಕಾದುದಿಲ್ಲ. ಸೀಮೆಯ ಹಳೆಯ ವಾಚನಸಂಪ್ರದಾಯದಲ್ಲಿಯೇ ಅದು ಸಿದ್ಧವಾಗಿದೆ.

ಮೊದಲು ಗ್ರಂಥವೇ ಏನು ಹೇಳುವುದೆಂಬುದನ್ನು ನೋಡಬಹುದು. ಧರ್ಮೋಪದೇಶಕಾಂಡದ ಆರನೆಯ ಅಧ್ಯಾಯವು ದೇವರ ಮಾತನ್ನು ಮಕ್ಕಳಿಗೆ ಕಲಿಸುವ ಹೊಣೆಯನ್ನು ಮನೆಯವರಿಗೆ ವಹಿಸಿ, ಕುಳಿತಾಗ, ನಡೆಯುವಾಗ, ಮಲಗುವಾಗ, ಏಳುವಾಗ ಅದರ ಮಾತಾಡಬೇಕೆಂದು ವಿಧಿಸುತ್ತದೆ. ವಿಮೋಚನಕಾಂಡದಲ್ಲಿ ಪಸ್ಕಹಬ್ಬದ ಅರ್ಥವನ್ನು ಮಕ್ಕಳು ಕೇಳುವರು, ಹಿರಿಯರು ಹೇಳಬೇಕು. ಪಾಠದ ಆರಂಭ ಮಗುವಿನ ಪ್ರಶ್ನೆಯಿಂದ. ಯೆಹೂದ್ಯರು ಆ ಹಬ್ಬದ ರಾತ್ರಿ ಮನೆಯಲ್ಲಿ ಓದುವ ಹಗ್ಗಾದಾ ಎಂಬ ಗ್ರಂಥದಲ್ಲಿ ಇದು ಇನ್ನೂ ಸ್ಪಷ್ಟವಾಗಿದೆ. ಅಲ್ಲಿ ನಾಲ್ವರು ಮಕ್ಕಳನ್ನು ಕಲ್ಪಿಸಿದೆ: ಜಾಣ, ಉದ್ಧಟ, ಮುಗ್ಧ, ಮತ್ತು ಪ್ರಶ್ನೆ ಮಾಡಲೂ ಅರಿಯದವನು. ನಾಲ್ವರಿಗೂ ಕಥೆ ಒಂದೇ. ಉತ್ತರ ಮಾತ್ರ ನಾಲ್ಕು ಬಗೆ. ಕೊನೆಯವನ ವಿಷಯದಲ್ಲಿ, ಅವನು ಕೇಳುವವರೆಗೆ ಕಾಯದೆ ತಂದೆಯೇ ಮಾತು ತೆಗೆಯಬೇಕೆಂಬ ವಿಧಿಯುಂಟು. ಹೊಸ ಒಡಂಬಡಿಕೆಯಲ್ಲಿ ತಿಮೊಥೆಯನ ನಂಬಿಕೆಯ ಮೂಲವನ್ನು ಹೇಳುವಾಗ ಅವನ ಅಜ್ಜಿ ಲೋವಿ, ತಾಯಿ ಯೂನಿಕೆ ಇವರ ಹೆಸರುಗಳು ಬಂದಿವೆ.

ಇನ್ನು ಸೀಮೆಯ ಸಂಪ್ರದಾಯ. ತರೀಕೆರೆಯ ಸಮೀಪದ ಅಮೃತಾಪುರದಲ್ಲಿ 1196ರಲ್ಲಿ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ ಅಮೃತೇಶ್ವರ ದಂಡನಾಯಕನು ಕಟ್ಟಿಸಿದ ದೇವಾಲಯದ ಮಂಟಪದ ಗೋಡೆಯ ಮೇಲೆ 140 ಕಥಾಫಲಕಗಳಿವೆ. ದಕ್ಷಿಣದ ಎಪ್ಪತ್ತರಲ್ಲಿ ರಾಮಾಯಣ. ಉತ್ತರದ ಎಪ್ಪತ್ತರಲ್ಲಿ ಕೃಷ್ಣಕಥೆಯೂ ಭಾರತಕಥೆಯೂ. ಅದೇ ದೇವಾಲಯದ ಶಿಲಾಶಾಸನದಲ್ಲಿ ಜನ್ನಕವಿಯ ಪದ್ಯಗಳಿವೆ. ಅಜ್ಜನ ಕೈ ಹಿಡಿದು ಬಂದ ಮಗು ಫಲಕದಲ್ಲಿ ಕಪಿಯನ್ನು ಗುರುತಿಸಿ ನಗುವುದು. ಅದರ ಅಣ್ಣನು ಕಥೆಯ ಮುಂದಿನ ಘಟ್ಟವನ್ನು ಹೇಳುವನು. ಪಂಡಿತನು ಶಾಸನದ ಮುಂದೆ ನಿಲ್ಲುವನು. ಮೂವರಿಗೂ ಸ್ಥಳ ಒಂದೇ.

ಕಡೂರು ತಾಲ್ಲೂಕಿನ ದೇವನೂರು ಲಕ್ಷ್ಮೀಶನ ಊರೆಂಬುದು ಅನೇಕ ವಿದ್ವಾಂಸರ ಮತ. ಅವನ ಜೈಮಿನಿಭಾರತವು ಅಚ್ಚಿನ ಪುಸ್ತಕಕ್ಕಿಂತ ಹೆಚ್ಚಾಗಿ ಕಿವಿಯಿಂದ ಹರಡಿದ ಕಾವ್ಯ. ಗಮಕಿಯು ವಾರ್ಧಕ ಷಟ್ಪದಿಯನ್ನು ರಾಗವಾಗಿ ಓದುವನು. ವ್ಯಾಖ್ಯಾನಕಾರನು ಅರ್ಥ ಬಿಡಿಸುವನು. ಜಗಲಿಯ ಮೇಲೆ ಮುದುಕರೂ ತೊಡೆಯ ಮೇಲಿನ ಕೂಸುಗಳೂ ಕೂಡಿಯೇ ಕೇಳುವರು. ಇಲ್ಲಿ ವಯಸ್ಸಿಗೊಂದು ಪುಸ್ತಕವಿಲ್ಲ. ನಾದವು ಕೂಸಿಗೆ, ಕಥೆಯು ಬಾಲಕನಿಗೆ, ಶ್ಲೇಷೆಯೂ ಧರ್ಮಸೂಕ್ಷ್ಮವೂ ಬೆಳೆದವನಿಗೆ ದಕ್ಕುವುವು. ಈ ವರ್ಷ ದಕ್ಕದುದು ಬರುವ ಶ್ರಾವಣಕ್ಕೆ ದಕ್ಕುವುದು. ಮಕ್ಕಳ ಸತ್ಯವೇದವೆಂದು ಬಣ್ಣದ ಚಿತ್ರಗಳೊಡನೆ ಮಾರುವ ಸಂಕ್ಷೇಪಗಳಲ್ಲಿ ಇಲ್ಲದಿರುವುದು ಈ ಗುಣವೇ. ಅವು ಮಗುವಿಗೆ ಅರ್ಥವಾಗದುದನ್ನು ಕಿತ್ತುಹಾಕಿ ಅರ್ಥವಾಗುವುದನ್ನಷ್ಟೇ ಉಳಿಸುವುವು. ಎಂಟನೆಯ ವರ್ಷಕ್ಕೆ ಮಗು ಆ ಪುಸ್ತಕವನ್ನು ಮುಗಿಸಿ, ಗ್ರಂಥವನ್ನೇ ಮುಗಿಸಿದೆನೆಂದು ತಿಳಿಯುವುದು.

ಚಿಕ್ಕ ಮಕ್ಕಳಿಗೆ ಕಥೆಯನ್ನು ಬಾಯಿಂದಲೇ ಹೇಳಬೇಕು. ಆದರೆ ಹೇಳಿದ ಮೇಲೆ ಗ್ರಂಥದ ನಾಲ್ಕು ವಾಕ್ಯಗಳನ್ನಾದರೂ ಓದಬೇಕು. ಕಣ್ಣ ಮುಂದಿನ ವಸ್ತುವಿನಿಂದ ತೊಡಗುವುದು ಲೇಸು. ಅಜ್ಜಂಪುರದ ಅಮೃತಮಹಲ್ ಕಾವಲುಗಳ ಹತ್ತಿರ ಬೆಳೆದ ಮಗುವಿಗೂ ಕಡೂರಿನ ಕುರಿಹಟ್ಟಿಯ ಪಕ್ಕದ ಮಗುವಿಗೂ ಕುರುಬನ ಕೀರ್ತನೆಗೆ ಪೀಠಿಕೆ ಬೇಡ. ಬಯಲುಸೀಮೆಯ ಬೇಸಗೆಯಲ್ಲಿ ಹಸಿರನ್ನೂ ನೀರನ್ನೂ ಹುಡುಕುತ್ತ ಹಿಂಡು ಹೊಡೆದುಕೊಂಡು ಹೋಗುವವರನ್ನು ಅದು ದಿನವೂ ಕಂಡಿದೆ. ರೂತಳು ಬೋವಜನ ಹೊಲದಲ್ಲಿ ಹಕ್ಕಲಾಯ್ದ ಕಥೆಯೂ ಹಾಗೆಯೇ. ಹಕ್ಕಲು ಎಂಬ ಮಾತು ಗೊತ್ತಿರುವ ಮನೆಯಲ್ಲಿ ಆ ಬಡತನವನ್ನು ವಿವರಿಸಬೇಕಾಗಿಲ್ಲ.

ಕೆಲವೆಡೆ ಪರಿಚಿತ ವಸ್ತುವೇ ತೊಡಕಾಗುವುದೂ ಉಂಟು. ಬಿತ್ತುವವನ ಸಾಮ್ಯದಲ್ಲಿ ಕೆಲವು ಬೀಜ ದಾರಿಯಲ್ಲಿ, ಕೆಲವು ಬಂಡೆಯ ನೆಲದಲ್ಲಿ, ಕೆಲವು ಮುಳ್ಳಿನಲ್ಲಿ ಬೀಳುತ್ತವೆ. ಕೂರಿಗೆಯನ್ನು ಕಂಡ ಹುಡುಗನು ಇದನ್ನು ಒಪ್ಪಲಾರನು: ಬಟ್ಟಲಿಗೆ ಬಿಟ್ಟ ಕಾಳು ಬಿದಿರಿನ ಕೊಳವೆಗಳಲ್ಲಿಳಿದು ಸಾಲು ಹಿಡಿದು ಬೀಳುವಾಗ ದಾರಿಗೆ ಹೋಗುವುದೆಂತು? ಅವನ ಆಕ್ಷೇಪ ಸರಿಯಾದುದೇ. ಸಾಮ್ಯದ ರೈತನು ಕೈಯಿಂದ ಎರಚಿ ಬಿತ್ತುವವನು. ಇದನ್ನು ಹೇಳಿದೊಡನೆ ಕಥೆಯ ತಿರುಳೇ ತೆರೆಯುವುದು. ನೆಲವನ್ನು ಆರಿಸದೆ ಎಲ್ಲೆಡೆಗೂ ಎರಚುವ ಆ ಕೈಯ ಔದಾರ್ಯವು ಕೂರಿಗೆಯ ಮಿತವ್ಯಯದ ಪಕ್ಕದಲ್ಲಿಟ್ಟಾಗಲೇ ಕಾಣುವುದು. ಇಂತಹ ಆಕ್ಷೇಪವನ್ನು ಅಧಿಕಪ್ರಸಂಗವೆಂದು ಗದರಿಸಿದ ಮನೆಯಲ್ಲಿ ಪಾಠವು ಅಲ್ಲಿಗೇ ನಿಂತಿತು.

ಏಳರಿಂದ ಹನ್ನೊಂದರವರೆಗಿನದು ಕಂಠಪಾಠದ ಕಾಲ. ಕೀರ್ತನೆಗಳನ್ನೂ ಜ್ಞಾನೋಕ್ತಿಗಳನ್ನೂ ಈಗ ಬಾಯಿಗೆ ಬರಿಸಬೇಕು; ಅರ್ಥವು ಹಿಂದಿನಿಂದ ಬಂದರೂ ನಷ್ಟವಿಲ್ಲ. ದೀರ್ಘಕಥೆಗಳನ್ನು ಸಂಧಿಸಂಧಿಯಾಗಿ ಓದುವುದಕ್ಕೂ ಇದೇ ತಕ್ಕ ವಯಸ್ಸು. ಯೋಸೇಫನ ಕಥೆಯನ್ನು ಚಂದ್ರಹಾಸನ ಕಥೆಯ ಜೊತೆಗೆ ಓದಿಸಿದರೆ ಎರಡೂ ಬೆಳಗುವುವು. ಇಬ್ಬರೂ ದಿಕ್ಕಿಲ್ಲದ ಬಾಲಕರು, ಇಬ್ಬರನ್ನೂ ಕೊಲ್ಲಲು ಹವಣಿಸಿದರು, ಇಬ್ಬರೂ ಪದವಿಗೇರಿದರು. ಆದರೆ ಚಂದ್ರಹಾಸನು ತನ್ನನ್ನು ಕೊಲ್ಲಬಗೆದ ದುಷ್ಟಬುದ್ಧಿಯ ಜೀವಕ್ಕಾಗಿ ತನ್ನ ಕೊರಳನ್ನೇ ಒಡ್ಡುವನು. ಯೋಸೇಫನು ಅಣ್ಣಂದಿರನ್ನು ಮೊದಲು ಪರೀಕ್ಷಿಸಿ, ಮರೆಗೆ ಹೋಗಿ ಅತ್ತು, ಆಮೇಲೆ ತಾನಾರೆಂದು ತಿಳಿಸುವನು. ಯಾರ ಕ್ಷಮೆ ದೊಡ್ಡದೆಂದು ಮಕ್ಕಳು ಜಗಳವಾಡಿದರೆ ಆಡಲಿ.

ಹನ್ನೆರಡು ದಾಟಿದವರಿಗೆ ಕಠಿನಸ್ಥಲಗಳನ್ನು ಮುಚ್ಚಿಡಲಾಗದು. ಅಬ್ರಹಾಮನು ಇಸಾಕನನ್ನು ಬಲಿಗೊಯ್ದ ಪ್ರಸಂಗವನ್ನು ನಾಲ್ಕು ವರ್ಷದ ಮಗುವಿಗೆ ಮಲಗುವ ಹೊತ್ತಿನಲ್ಲಿ ಹೇಳುವುದು ಕ್ರೌರ್ಯ. ಹದಿಮೂರರವನಿಗೆ ಹೇಳದಿರುವುದು ವಂಚನೆ. ಶಿವನಿಗಾಗಿ ಮಗನನ್ನೇ ಅಡುಗೆ ಮಾಡಿ ಬಡಿಸಿದ ಸಿರಿಯಾಳನ ಕಥೆಯನ್ನು ಬಲ್ಲ ಕನ್ನಡ ನಾಡಿನ ಹುಡುಗನಿಗೆ ಇದು ಅಪೂರ್ವವೂ ಅಲ್ಲ. ಅಲ್ಲಿ ಬಲಿ ನಡೆದ ಮೇಲೆ ಮಗನು ಮರಳುವನು. ಇಲ್ಲಿ ಎತ್ತಿದ ಕೈ ತಡೆಯಲ್ಪಡುವುದು. ಈ ವ್ಯತ್ಯಾಸದ ಮೇಲೆ ಒಂದು ಸಂಜೆಯೆಲ್ಲ ಮಾತಾಡಬಹುದು. ಹಿರಿಯರಿಗೂ ಇಲ್ಲಿ ಪೂರ್ಣ ಉತ್ತರವಿರದು; ಅದನ್ನು ಮಕ್ಕಳು ಕಂಡರೆ ಕೆಡುಕೇನೂ ಇಲ್ಲ.

ಉಳಿದದ್ದು ಭಾಷೆಯ ಮಾತು. ಎಲ್ಲಕ್ಕಿಂತ ಆತಂಕದ ಮಾತೂ ಅದೇ. 1810ರಲ್ಲಿ ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸ್ ತೊಡಗಿದ ಭಾಷಾಂತರವು 1831ರ ವೇಳೆಗೆ ಪೂರ್ಣವಾಯಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಮುಂದೆ ಅದನ್ನು ತಿದ್ದಿದರು. ‘ಮಾಡುವದು’, ‘ಹೋಗುವದು’ ಎಂಬಂತಹ ರೂಪಗಳುಳ್ಳ ಆ ಗದ್ಯವನ್ನು ಇಂಗ್ಲಿಷ್ ಶಾಲೆಯ ಮಕ್ಕಳು ತಡವರಿಸಿ ಓದುವರು. ಮನೆಯಲ್ಲಿ ಕೊಂಕಣಿಯನ್ನೋ ತಮಿಳನ್ನೋ ಆಡುವ ಕುಟುಂಬಗಳಲ್ಲಿ ತೊಡಕು ಇಮ್ಮಡಿ. ಕನ್ನಡ ಪುಸ್ತಕವನ್ನು ಬಿಟ್ಟು ಇಂಗ್ಲಿಷಿನದನ್ನು ಹಿಡಿಯುವುದು ಸುಲಭವೇ. ಆದರೆ ಹಾಗೆ ಮಾಡಿದ ದಿನ ಅಜ್ಜಿಯು ಪಾಠದಿಂದ ಹೊರಗುಳಿಯುವಳು.

ಆ ಗದ್ಯವನ್ನು ಕಣ್ಣಿನಿಂದಲ್ಲ, ಕಿವಿಯಿಂದ ಕಲಿಸಬೇಕು. ದೊಡ್ಡವರು ಗಟ್ಟಿಯಾಗಿ ಓದಲಿ, ನಡುವಣವರು ಪಂಕ್ತಿಯ ಮೇಲೆ ಬೆರಳಿಟ್ಟು ಹಿಂಬಾಲಿಸಲಿ, ಚಿಕ್ಕವರು ಕೇಳಲಿ. ಭಾಷಾಂತರಕಾರರು ಮೊದಲೈದು ಪುಸ್ತಕಗಳಿಗೆ ಆದಿಕಾಂಡ, ವಿಮೋಚನಕಾಂಡ, ಯಾಜಕಕಾಂಡ, ಅರಣ್ಯಕಾಂಡ, ಧರ್ಮೋಪದೇಶಕಾಂಡ ಎಂದು ಹೆಸರಿಟ್ಟುದು ಆಕಸ್ಮಿಕವಲ್ಲ. ಕಾಂಡವೆಂಬ ಮಾತಿನಿಂದಲೇ ಕನ್ನಡದ ಕಿವಿಯು ಕೇಳಲು ಅಣಿಯಾಗುವುದು. ಅರಣ್ಯಕಾಂಡವಂತೂ ರಾಮಾಯಣಕ್ಕೂ ಇದಕ್ಕೂ ಸಮಾನವಾದ ಹೆಸರು. ಎರಡರಲ್ಲೂ ಕಾಡಿನ ಅಲೆದಾಟವೇ ವಿಷಯ. ಹದಿನಾರರವನಿಗೆ ಹಳೆಯ ಭಾಷಾಂತರವನ್ನೂ ಹೊಸದನ್ನೂ ಎದುರುಬದುರು ಇಟ್ಟು ಕೊಡಬೇಕು. ಒಂದರಲ್ಲಿ ಸುವಾರ್ತೆ, ಇನ್ನೊಂದರಲ್ಲಿ ಶುಭಸಂದೇಶ. ಒಂದರಲ್ಲಿ ಸಾಮ್ಯ, ಇನ್ನೊಂದರಲ್ಲಿ ಸಾಮತಿ. ಎರಡನ್ನೂ ತೂಗಿ ನೋಡುವ ಹುಡುಗನು ತಮ್ಮ ತಂಗಿಯರಿಗೆ ಅರ್ಥ ಹೇಳತೊಡಗಿದನೆಂದರೆ ಆ ಮನೆಗೆ ವ್ಯಾಖ್ಯಾನಕಾರನು ದೊರೆತಂತಾಯಿತು. ಗಮಕಿಯ ಸ್ಥಾನದಲ್ಲಿ ಅಜ್ಜಿ ಕೂತಿರಬಹುದು.