ನಿಮಗಿದು ಗೊತ್ತೇ? ತಂಬುಳಿಗೂ ಮಾತ್ರೆಗೂ ನಂಟು!

‘ರಕ್ತ ತೆಳು ಮಾಡುವ ಮಾತ್ರೆ’ ರಕ್ತವನ್ನು ತೆಳು ಮಾಡುವುದೇ ಇಲ್ಲ! ಸಾರಿಗೆ ನೀರು ಬೆರೆಸಿದ ಹಾಗೆ ಒಳಗೆ ಏನೂ ನಡೆಯುವುದಿಲ್ಲ. ರಕ್ತ ಹೆಪ್ಪುಗಟ್ಟುವುದು ತಡವಾಗುತ್ತದೆ, ಅಷ್ಟೇ. ಹೆಸರು ಮಾತ್ರ ಹಾಗೆ!

ಈ ಮಾತ್ರೆಯ ತವರು ದನದ ಕೊಟ್ಟಿಗೆ! 1920ರ ದಶಕದಲ್ಲಿ ಕೆನಡಾ, ಅಮೆರಿಕದ ದನಗಳು ಬೂಸ್ಟು ಹಿಡಿದ ಕ್ಲೋವರ್ ಹುಲ್ಲು ತಿಂದು, ರಕ್ತ ಸೋರಿ ಸತ್ತವು. 1933ರಲ್ಲಿ ಒಬ್ಬ ರೈತ ಹೆಪ್ಪುಗಟ್ಟದ ರಕ್ತವನ್ನು ಹಾಲಿನ ಕ್ಯಾನಿನಲ್ಲಿ ತುಂಬಿಕೊಂಡು ವಿಸ್ಕಾನ್ಸಿನ್ ವಿಶ್ವವಿದ್ಯಾಲಯಕ್ಕೆ ಹೊತ್ತು ತಂದ. ಹುಡುಕಾಟ ಶುರುವಾಯಿತು!

ಆ ಹುಡುಕಾಟದಲ್ಲೇ ಹುಟ್ಟಿದ ವಾರ್ಫರಿನ್ 1948ರಲ್ಲಿ ಪೇಟೆಗೆ ಬಂದದ್ದು ಇಲಿ ಪಾಷಾಣವಾಗಿ. 1954ರಲ್ಲಿ ಮನುಷ್ಯರ ಮದ್ದಾಯಿತು. ಮರುವರ್ಷ ಹೃದಯಾಘಾತವಾದಾಗ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಕೂಡ ಇದನ್ನೇ ನುಂಗಿದರು!

ವಾರ್ಫರಿನ್ ಮತ್ತು ಅದರ ದಾಯಾದಿ ಅಸೆನೊಕೌಮರಾಲ್ ಮಾತ್ರೆಗಳ ಎದುರಾಳಿ, ರಕ್ತ ಹೆಪ್ಪುಗಟ್ಟಲು ನೆರವಾಗುವ ವಿಟಮಿನ್ ಕೆ. ಎ, ಬಿ, ಸಿ ಸಾಲಿನಲ್ಲಿ ಇದೇಕೆ ಕೆ? ಕಂಡುಹಿಡಿದ ಹೆನ್ರಿಕ್ ಡಾಮ್ ಡೆನ್ಮಾರ್ಕಿನವರು. ಹೆಪ್ಪುಗಟ್ಟುವುದಕ್ಕೆ ಅಲ್ಲಿನ ಮಾತು ‘ಕೊಆಗುಲೇಶನ್’. ಅದರ ಮೊದಲಕ್ಷರವೇ ಈ ಕೆ!

ನಮಗೆ ದಿನಕ್ಕೆ ಬೇಕಾದ ಕೆ ಸುಮಾರು 100 ಮೈಕ್ರೊಗ್ರಾಂ. ಅಂದರೆ ಒಂದೇ ಒಂದು ಗ್ರಾಂ ಇದ್ದರೆ 27 ವರ್ಷಕ್ಕೆ ಸಾಕು!

ಹಿತ್ತಲಿನ ಹರಿವೆ ಸೊಪ್ಪು ನೋಡಿ. 100 ಗ್ರಾಂ ಹಸಿ ಸೊಪ್ಪಿನಲ್ಲಿ 1,000 ಮೈಕ್ರೊಗ್ರಾಂ ದಾಟಿದ ಕೆ! ಬಸಳೆ, ನುಗ್ಗೆ, ಪತ್ರೊಡೆಯ ಕೆಸದೆಲೆಯಲ್ಲೂ ಇದೆ. ಗಂಜಿಯಲ್ಲಿ ಹುಡುಕಿದರೂ ಸಿಗುವುದು ಕಷ್ಟ!

ಹಾಗಾದರೆ ಸೊಪ್ಪು ಬಿಡಬೇಕೇ? ಬೇಡವೇ ಬೇಡ! ದಿನವೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ತಿಂದರೆ, ವೈದ್ಯರು ಅದಕ್ಕೆ ತಕ್ಕ ಹಾಗೆ ಮಾತ್ರೆ ಹೊಂದಿಸುತ್ತಾರೆ. ಅಪಾಯ ಇರುವುದು ಸೊಪ್ಪಿನಲ್ಲಲ್ಲ, ದಿಢೀರ್ ಬದಲಾವಣೆಯಲ್ಲಿ!

ಮಲೆನಾಡಿನ ತೊಡಕು ಇಲ್ಲೇ ಇರುವುದು. ತೀರ್ಥಹಳ್ಳಿಯ ಆಗುಂಬೆಯಲ್ಲಿ, ಹೊಸನಗರದ ಹುಲಿಕಲ್‌ನಲ್ಲಿ ಮಳೆ ಹಿಡಿಯಿತೆಂದರೆ ಬೇಲಿ ಬದಿಯೆಲ್ಲ ಸೊಪ್ಪು. ಇವತ್ತು ಒಂದೆಲಗದ ತಂಬುಳಿ, ನಾಳೆ ಪತ್ರೊಡೆ. ಮಾತ್ರೆಯ ಜೋರು ಇಳಿಯಬಹುದು!

ಅದೇ ಮಳೆಗಾಲದಲ್ಲಿ ಇದರ ತಿರುಗಾಮುರುಗಾ! ಮಾಧ್ವರ ಮನೆಗಳಲ್ಲಿ ಚಾತುರ್ಮಾಸ್ಯದ ಮೊದಲ ತಿಂಗಳು ಶಾಕವ್ರತ. ಸೊಪ್ಪು, ತರಕಾರಿ ಇಲ್ಲವೇ ಇಲ್ಲ. ಈಗ ಮಾತ್ರೆಯ ಜೋರು ಏರಬಹುದು! ವ್ರತ ಹಿಡಿಯುವ ಮೊದಲು ವೈದ್ಯರ ಕಿವಿಗೆ ಹಾಕಿ. ಜ್ವರ ಬಂದು ನಾಲ್ಕು ದಿನ ಬರೀ ಗಂಜಿ ಕುಡಿದಾಗಲೂ ಅಷ್ಟೇ.

ಚಹಾದ ಎಲೆಯಲ್ಲಿ ಕೆ ಬೇಕಾದಷ್ಟಿದೆ. ಲೋಟದ ಚಹಾದಲ್ಲಿ? ಇಲ್ಲವೆನ್ನುವಷ್ಟು ಕಡಿಮೆ! ಕೆ ನೀರಿಗೆ ಇಳಿಯುವುದಿಲ್ಲ, ಎಲ್ಲ ಸೋಸುವ ಜಾಲರಿಯಲ್ಲೇ ಉಳಿಯುತ್ತದೆ. ಅದು ಕರಗುವುದು ಜಿಡ್ಡಿನಲ್ಲಿ. ಸೊಪ್ಪಿಗೆ ತುಪ್ಪದ ಒಗ್ಗರಣೆ ಬಿದ್ದರೆ ಮೈಗೆ ಚೆನ್ನಾಗಿ ಸೇರುತ್ತದೆ!

ಎಣ್ಣೆಯಲ್ಲೂ ಭೇದವಿದೆ. ಸೋಯಾ ಎಣ್ಣೆಯಲ್ಲಿ ಕೆ ಧಾರಾಳ. ನಮ್ಮ ಕೊಬ್ಬರಿ ಎಣ್ಣೆಯಲ್ಲಿ ನೆಪಕ್ಕಷ್ಟೇ!

ನಿನ್ನೆಯ ಊಟದ ಲೆಕ್ಕ ಇವತ್ತೇ ಸಿಗುವುದಿಲ್ಲ. ಹೆಪ್ಪುಗಟ್ಟಿಸುವ ಅಂಶಗಳಲ್ಲಿ ಕೆಲವು ರಕ್ತದಲ್ಲಿ ಎರಡು ಮೂರು ದಿನ ಉಳಿದಿರುತ್ತವೆ. ರಕ್ತ ಹೆಪ್ಪುಗಟ್ಟಲು ಎಷ್ಟು ತಡ ಎಂದು ಅಳೆಯುವ ಐಎನ್‌ಆರ್ ಪರೀಕ್ಷೆ ಹೇಳುವುದು ಮೊನ್ನೆಯ ಸಮಾಚಾರ! ಮಾತ್ರೆ ಇಲ್ಲದವರಿಗೆ ಈ ಅಂಕಿ ಸುಮಾರು 1. ಮಾತ್ರೆ ನುಂಗುವ ಬಹುತೇಕರಿಗೆ 2ರಿಂದ 3ರ ನಡುವೆ ಇರಬೇಕು.

ಶುಂಠಿ, ಬೆಳ್ಳುಳ್ಳಿ, ಅರಿಸಿನ ಅಡುಗೆಯ ಅಳತೆಯಲ್ಲಿದ್ದರೆ ಚಿಂತೆಯಿಲ್ಲ. ಅವುಗಳ ಸಾರ ತೆಗೆದು ಕ್ಯಾಪ್ಸೂಲಿಗೆ ತುಂಬಿದರೆ ಕತೆ ಬೇರೆ! ನಾಟಿ ಔಷಧಿ, ಮೈಕೈ ನೋವಿನ ಗುಳಿಗೆ, ಮದ್ಯ, ಇವೆಲ್ಲಕ್ಕೂ ಮೊದಲು ವೈದ್ಯರನ್ನು ಕೇಳಿ.

ಇದೇ ಕೆಲಸದ ಹೊಸ ಮಾತ್ರೆಗಳಿಗೆ ಸೊಪ್ಪಿನ ಹಂಗೇ ಇಲ್ಲ! ಆದರೆ ಅವಕ್ಕೂ ಅವುಗಳದೇ ಹಟ. ರಿವರೋಕ್ಸಬಾನ್‌ನ 15, 20 ಮಿಲಿಗ್ರಾಂ ಗುಳಿಗೆ ಊಟದ ಜೊತೆಗೇ ಆಗಬೇಕು. ಡಬಿಗಟ್ರಾನ್ ಕ್ಯಾಪ್ಸೂಲನ್ನು ಬಿಡಿಸಬಾರದು, ಅಗಿಯಬಾರದು!

ಕೊನೆಗೊಂದು. ಸಾಗರದ ಅಡಿಕೆ ತೋಟದಲ್ಲಿ ಕಾಲಿಗೆ ಹತ್ತುವ ಇಂಬಳ ಗೊತ್ತಲ್ಲ? ಕಿತ್ತೆಸೆದರೂ ರಕ್ತ ನಿಲ್ಲದು. ಅದರ ಜೊಲ್ಲಿನಲ್ಲೇ ಹೆಪ್ಪುಗಟ್ಟದಂತೆ ತಡೆಯುವ ಮದ್ದಿದೆ! ಭಾರತದ ಒಂದು ಜಾತಿಯ ನೆಲದ ಇಂಬಳದಿಂದ ವಿಜ್ಞಾನಿಗಳು ಅಂಥ ಮದ್ದನ್ನು ಬೇರ್ಪಡಿಸಿ ‘ಹೀಮಾಡಿನ್’ ಎಂದು ಹೆಸರಿಟ್ಟಿದ್ದಾರೆ. ನಾವು ಊಟದ ಜೊತೆ ಮಾತ್ರೆ ಮರೆಯುತ್ತೇವೆ. ಇಂಬಳ ಒಂದು ದಿನವೂ ಮರೆತಿಲ್ಲ!