ಶಾಲೆಗೂ ಒಂದು ಓಟು

ಪಂಚಾಯಿತಿ ಚುನಾವಣೆ ಹತ್ತಿರ ಬಂತೆಂದರೆ ಶಾಲೆಯ ಮಕ್ಕಳಿಗೆ ಮೊದಲು ಮುಟ್ಟುವುದು ರಜೆಯ ಸುದ್ದಿ. ಮಾಗಡಿ ಸೀಮೆಯ ಗುಡೇಮಾರನಹಳ್ಳಿಯೇ ಇರಲಿ, ಬೇರೆ ಯಾವುದೇ ಹಳ್ಳಿಯಿರಲಿ, ಮತದಾನ ನಡೆಯುವುದು ಬಹುಮಟ್ಟಿಗೆ ಸರ್ಕಾರಿ ಶಾಲೆಯ ಕೊಠಡಿಯಲ್ಲೇ. ಹಿಂದಿನ ದಿನ ಬೆಂಚುಗಳು ಮೂಲೆ ಸೇರುತ್ತವೆ. ಕಾಗುಣಿತದ ಪಟದ ಕೆಳಗೆ ಮತಪೆಟ್ಟಿಗೆ ಬಂದು ಕೂರುತ್ತದೆ. ಅದನ್ನು ಕಾಯುವ ಸಿಬ್ಬಂದಿಯಲ್ಲಿ ಅನೇಕರು ಬೇರೆ ಊರಿನ ಮೇಷ್ಟ್ರುಗಳು. ಕಟ್ಟಡವೂ ಶಾಲೆಯದು, ದುಡಿಮೆಯೂ ಶಿಕ್ಷಕರದು. ಆದರೆ ಅಂದು ಮತಪತ್ರದ ಮೇಲೆ ಬೀಳುವ ಮುದ್ರೆಗೂ, ಆ ಶಾಲೆಯನ್ನು ಯಾರು ನೋಡಿಕೊಳ್ಳಬೇಕು ಎಂಬ ಪ್ರಶ್ನೆಗೂ ನೇರ ಸಂಬಂಧವಿಲ್ಲ.

ಆ ಸಂಬಂಧವನ್ನು ಮತಪತ್ರದಲ್ಲೇ ಬೆಸೆದಿರುವ ದೇಶವೊಂದಿದೆ. ಕೆನಡಾದ ಊರುಗಳಲ್ಲಿ ಮೇಯರ್, ನಗರಸಭೆಯ ಸದಸ್ಯರು ಹಾಗೂ ಶಾಲಾ ಮಂಡಳಿಯ ಟ್ರಸ್ಟಿಗಳು ಸಾಮಾನ್ಯವಾಗಿ ಒಂದೇ ದಿನ, ಒಂದೇ ಮತಗಟ್ಟೆಯಲ್ಲಿ ಆರಿಸಿ ಬರುತ್ತಾರೆ. ಟ್ರಸ್ಟಿ ಎಂದೊಡನೆ ನಮ್ಮವರಿಗೆ ನೆನಪಾಗುವುದು ದೇವಸ್ಥಾನದ ಧರ್ಮದರ್ಶಿ, ಇಲ್ಲವೇ ಖಾಸಗಿ ಶಾಲೆಯ ಮಾಲೀಕರ ಪೈಕಿ ಒಬ್ಬರು. ಅಲ್ಲಿ ಹಾಗಲ್ಲ. ಜನರ ಓಟು ಪಡೆದು ಸರ್ಕಾರಿ ಶಾಲೆಗಳ ಬಜೆಟ್ಟಿಗೆ ಒಪ್ಪಿಗೆ ಕೊಡುವವರು, ಶಾಲೆಗಳ ಮುಖ್ಯ ಅಧಿಕಾರಿಯನ್ನು ನೇಮಿಸುವವರು, ಮಕ್ಕಳಿಲ್ಲದ ಶಾಲೆಯನ್ನು ಮುಚ್ಚಬೇಕೇ ಬೇಡವೇ ಎಂದು ತೀರ್ಮಾನಿಸುವವರು ಈ ಟ್ರಸ್ಟಿಗಳು.

ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ವ್ಯಾಂಕೂವರ್ ನಗರವನ್ನೇ ನೋಡಬಹುದು. ಅಲ್ಲಿ ನಾಲ್ಕು ವರ್ಷಕ್ಕೊಮ್ಮೆ, ಅಕ್ಟೋಬರ್ ತಿಂಗಳ ಮೂರನೆಯ ಶನಿವಾರ ಚುನಾವಣೆ. 2018ರಲ್ಲಿ ಒಬ್ಬ ಮೇಯರ್, 10 ಕೌನ್ಸಿಲರ್‌ಗಳು, ಉದ್ಯಾನಗಳನ್ನು ನೋಡಿಕೊಳ್ಳುವ 7 ಮಂದಿ, 9 ಶಾಲಾ ಟ್ರಸ್ಟಿಗಳು, ಹೀಗೆ ಒಟ್ಟು 27 ಸ್ಥಾನಗಳಿಗೆ 158 ಮಂದಿ ನಿಂತಿದ್ದರು. ಮೇಯರ್ ಪದವಿಗೇ 21 ಅಭ್ಯರ್ಥಿಗಳು! ಅಕ್ಷರಮಾಲೆಯಲ್ಲಿ ಮೊದಲು ಬರುವ ಹೆಸರಿನವರಿಗೆ ಅನುಕೂಲವಾಗಬಾರದೆಂದು ಆ ವರ್ಷ ಹೆಸರುಗಳನ್ನು ಚೀಟಿ ಎತ್ತಿದಂತೆ ಕಲಸಿ ಮುದ್ರಿಸಿದರು. ಮತದಾರ ಮಹಾಶಯ ಅಷ್ಟುದ್ದದ ಪಟ್ಟಿಯಲ್ಲಿ ತನಗೆ ಬೇಕಾದವರನ್ನು ಹುಡುಕುತ್ತಾ ನಿಲ್ಲಬೇಕಾಯಿತು. ಕೊನೆಗೆ ಕೆನಡಿ ಸ್ಟುವರ್ಟ್ ಸಾವಿರಕ್ಕೂ ಕಡಿಮೆ ಮತಗಳ ಅಂತರದಲ್ಲಿ ಗೆದ್ದರು. ಅವರಿಗೆ ಸೋತಿದ್ದ ಕೆನ್ ಸಿಮ್ ನಾಲ್ಕು ವರ್ಷದ ಬಳಿಕ, 2022ರಲ್ಲಿ, ಅವರನ್ನು ಸೋಲಿಸಿ ಮೇಯರ್ ಆದರು.

ಆನ್ಟೇರಿಯೊ ಪ್ರಾಂತ್ಯದ ಟೊರಾಂಟೊ ನಗರದ ಪದ್ಧತಿ ಇನ್ನೂ ಸ್ವಾರಸ್ಯಕರ. ಅಲ್ಲಿ ಸಾರ್ವಜನಿಕ ಹಣದಿಂದ ನಡೆಯುವ ಶಾಲಾ ಮಂಡಳಿಗಳೇ ನಾಲ್ಕು: ಇಂಗ್ಲಿಷಿನ ಸಾಮಾನ್ಯ ಮಂಡಳಿ, ಇಂಗ್ಲಿಷಿನ ಕ್ಯಾಥೊಲಿಕ್ ಮಂಡಳಿ, ಫ್ರೆಂಚಿನ ಸಾಮಾನ್ಯ ಮಂಡಳಿ, ಫ್ರೆಂಚಿನ ಕ್ಯಾಥೊಲಿಕ್ ಮಂಡಳಿ. ಒಬ್ಬ ಮತದಾರ ಇವುಗಳಲ್ಲಿ ಒಂದರ ಟ್ರಸ್ಟಿಗೆ ಮಾತ್ರ ಓಟು ಹಾಕಬಹುದು. ಮನೆಯಲ್ಲಿ ಓದುವ ಮಕ್ಕಳಿರಲೇಬೇಕೆಂಬ ನಿಯಮವೇನೂ ಇಲ್ಲ. ಮೊಮ್ಮಕ್ಕಳ ಮದುವೆ ಮುಗಿಸಿದ ಅಜ್ಜಿಗೂ ಟ್ರಸ್ಟಿಯನ್ನು ಆರಿಸುವ ಹಕ್ಕಿದೆ. ಕಾರಣ ಮನೆ ಕಂದಾಯದಲ್ಲಿದೆ. ಅಲ್ಲಿ ಮನೆಯ ಮೇಲಿನ ತೆರಿಗೆಯಲ್ಲಿ ಒಂದು ಪಾಲು ಶಾಲೆಗೆಂದೇ ವಸೂಲಾಗುತ್ತದೆ. ನಮ್ಮ ಕಂದಾಯದ ರಸೀದಿಯಲ್ಲಿ ಗ್ರಂಥಾಲಯದ ಕರ, ಭಿಕ್ಷುಕರ ಕರ ಎಂದು ಇರುವಂತೆ ಎನ್ನಬಹುದು. ಹಣ ಕೊಟ್ಟವನಿಗೆ ಲೆಕ್ಕ ಕೇಳುವ ಹಕ್ಕು ಬೇಕು ಎಂಬುದು ಅದರ ಹಿಂದಿನ ಸರಳ ತರ್ಕ.

ಆದರೆ ದೂರದ ಬೆಟ್ಟ ನುಣ್ಣಗೆ. ತೆರಿಗೆಯ ದರ ನಿರ್ಧರಿಸುವ ಅಧಿಕಾರವನ್ನು ಪ್ರಾಂತ್ಯ ಸರ್ಕಾರಗಳು ಕಾಲಕ್ರಮದಲ್ಲಿ ತಮ್ಮ ಕೈಗೆ ತೆಗೆದುಕೊಂಡವು. ಟ್ರಸ್ಟಿಗಳಿಗೆ ಉಳಿದದ್ದು ಕೊಟ್ಟಷ್ಟು ಹಣದಲ್ಲಿ ಸಂಸಾರ ತೂಗಿಸುವ ಕೆಲಸ. 2016ರಲ್ಲಿ ವ್ಯಾಂಕೂವರಿನ ಶಾಲಾ ಮಂಡಳಿ ಹಣ ಸಾಲದೆಂದು ಹಟ ಹಿಡಿದು, ಖರ್ಚು ಆದಾಯಗಳು ಸರಿದೂಗುವ ಬಜೆಟ್ಟಿಗೆ ಒಪ್ಪಿಗೆ ಕೊಡಲಿಲ್ಲ. ಹತ್ತಕ್ಕೂ ಹೆಚ್ಚು ಶಾಲೆಗಳನ್ನು ಮುಚ್ಚುವ ಪ್ರಸ್ತಾಪವೂ ಅದೇ ಹೊತ್ತಿನಲ್ಲಿ ಊರಿನ ಬಾಯಲ್ಲಿತ್ತು. ಕಾನೂನಿನ ಪ್ರಕಾರ ಬಜೆಟ್ ಸರಿದೂಗಲೇಬೇಕು. ಅಕ್ಟೋಬರ್‌ನಲ್ಲಿ ಪ್ರಾಂತ್ಯದ ಶಿಕ್ಷಣ ಸಚಿವರು ಒಂಬತ್ತೂ ಟ್ರಸ್ಟಿಗಳನ್ನು ಒಂದೇ ಏಟಿಗೆ ವಜಾ ಮಾಡಿದರು. ಜನ ಆರಿಸಿದ ಮಂಡಳಿಯ ಜಾಗದಲ್ಲಿ ಒಬ್ಬ ಆಡಳಿತಾಧಿಕಾರಿ ಬಂದು ಕುಳಿತರು. ಹೊಸ ಟ್ರಸ್ಟಿಗಳನ್ನು ಆರಿಸಲು ಉಪಚುನಾವಣೆ ನಡೆದದ್ದು ಮರುವರ್ಷದ ಅಕ್ಟೋಬರ್‌ನಲ್ಲಿ. ‘ಸೂಪರ್‌ಸೀಡ್’ ಎಂಬ ಪದ ಕರ್ನಾಟಕದ ಓದುಗರಿಗೆ ಹೊಸದಲ್ಲ. ಅದು ಕೆನಡಾದಲ್ಲೂ ಇದೆ ಎಂಬುದಷ್ಟೇ ಇಲ್ಲಿ ತಿಳಿಯಬೇಕಾದ ಸಂಗತಿ.

ಇನ್ನು ಓಟು ಹಾಕುವವರ ಸಂಖ್ಯೆ. ವ್ಯಾಂಕೂವರಿನಲ್ಲಿ 2018ರಲ್ಲೂ 2022ರಲ್ಲೂ ನೂರಕ್ಕೆ ನಲವತ್ತು ಮಂದಿಯೂ ಮತಗಟ್ಟೆಗೆ ಬರಲಿಲ್ಲ. ಕರ್ನಾಟಕದಲ್ಲಿ 2020ರ ಡಿಸೆಂಬರ್ 22 ಮತ್ತು 27ರಂದು ಎರಡು ಹಂತದಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ನಡೆದಾಗ, ಕೊರೊನಾ ಭಯದ ನಡುವೆಯೂ, ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಮಂದಿ ಸಾಲಿನಲ್ಲಿ ನಿಂತಿದ್ದರು. ಉತ್ಸಾಹದ ವಿಷಯದಲ್ಲಿ ನಮ್ಮ ಹಳ್ಳಿಯವರು ಯಾರಿಂದಲೂ ಪಾಠ ಹೇಳಿಸಿಕೊಳ್ಳಬೇಕಾಗಿಲ್ಲ. ಎಂಟು ಸಾವಿರಕ್ಕೂ ಹೆಚ್ಚು ಸ್ಥಾನಗಳು ಅವಿರೋಧವಾಗಿ ತುಂಬಿದ್ದು, ಕೆಲವೆಡೆ ಸದಸ್ಯಗಿರಿಯನ್ನೇ ಹರಾಜು ಹಾಕಿದರೆಂಬ ಸುದ್ದಿ ಬಂದದ್ದು ಅದೇ ಚುನಾವಣೆಯಲ್ಲಿ ಎಂಬುದನ್ನೂ ಮರೆಯುವಂತಿಲ್ಲ.

ನಮ್ಮ ಹಳ್ಳಿಯ ಈ ಓಟು ಬಂದ ದಾರಿ ಉದ್ದವಾದದ್ದು. 1983ರ ಕಾಯ್ದೆಯಡಿ ಮಂಡಲ ಪಂಚಾಯಿತಿ, ಜಿಲ್ಲಾ ಪರಿಷತ್ತುಗಳಿಗೆ 1987ರ ಜನವರಿಯಲ್ಲಿ ಚುನಾವಣೆ ನಡೆಯಿತು. ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಸಿ ‘ನೀರ್ ಸಾಬ್’ ಎನಿಸಿಕೊಂಡ ಸಚಿವ ಅಬ್ದುಲ್ ನಜೀರ್ ಸಾಬ್ ಅದರ ಶಿಲ್ಪಿ. ಮಹಿಳೆಯರಿಗೆ ನೂರಕ್ಕೆ 25 ಮೀಸಲಾತಿಯನ್ನು ಆ ಕಾಯ್ದೆಯೇ ತಂದಿತ್ತು. ಸಂವಿಧಾನದ 73ನೇ ತಿದ್ದುಪಡಿಯ ನಂತರ 1993ರ ಪಂಚಾಯತ್ ರಾಜ್ ಕಾಯ್ದೆ ಬಂತು. ಇಂದು ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲು. ಹದಿನೆಂಟು ತುಂಬಿದವರಿಗೆ ಓಟು, ಇಪ್ಪತ್ತೊಂದು ತುಂಬಿದವರಿಗೆ ಸ್ಪರ್ಧೆಯ ಹಕ್ಕು. ವ್ಯಾಂಕೂವರಿನಲ್ಲಾದರೆ ಹದಿನೆಂಟಕ್ಕೇ ಮೇಯರ್ ಪದವಿಗೂ ನಿಲ್ಲಬಹುದು.

ಮತಗಟ್ಟೆಯಲ್ಲಿ ಬೆರಳಿಗೆ ಹಚ್ಚುವ ಶಾಯಿಯ ಬಗ್ಗೆ ಮಕ್ಕಳು ಕೇಳುವುದುಂಟು. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದ ಮೈಸೂರಿನ ಅರಗು ಮತ್ತು ಬಣ್ಣದ ಕಾರ್ಖಾನೆ 1962ರ ಚುನಾವಣೆಯಿಂದ ಅದನ್ನು ತಯಾರಿಸಿಕೊಡುತ್ತಾ ಬಂದಿದೆ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮದ ಉಪ್ಪಿನೊಡನೆ ಸೇರಿ ಸಿಲ್ವರ್ ಕ್ಲೋರೈಡ್ ಆಗುತ್ತದೆ. ಬೆಳಕು ಬಿದ್ದಂತೆ ಕಪ್ಪಗಾಗುತ್ತದೆ. ಸೋಪು ಹಾಕಿ ಎಷ್ಟು ಉಜ್ಜಿದರೂ ಹೋಗದು. ಹಳೆಯ ಚರ್ಮ ಉದುರಿ ಹೊಸದು ಬಂದಾಗಲೇ ಅದಕ್ಕೆ ಮುಕ್ತಿ.

ಗ್ರಾಮ ಪಂಚಾಯಿತಿಗೆ ಪಕ್ಷದ ಚಿಹ್ನೆಯಿಲ್ಲ. ಅಭ್ಯರ್ಥಿಗೆ ಆಯೋಗ ಕೊಡುವುದು ಆಟೋರಿಕ್ಷಾ, ಹೊಲಿಗೆ ಯಂತ್ರಗಳಂಥ ಗುರುತು. ಅಧ್ಯಕ್ಷರನ್ನು ಜನ ನೇರವಾಗಿ ಆರಿಸುವುದಿಲ್ಲ, ಗೆದ್ದ ಸದಸ್ಯರು ಆರಿಸುತ್ತಾರೆ. ಮಾಗಡಿ ಪುರಸಭೆಯಲ್ಲೂ ಅಷ್ಟೆ. ಬೆಂಗಳೂರಿನ ಮೇಯರರನ್ನೂ ಜನ ನೇರವಾಗಿ ಆರಿಸಿದ್ದಿಲ್ಲ. ಅನೇಕ ಮಹಾನಗರ ಪಾಲಿಕೆಗಳಲ್ಲಂತೂ ಮೇಯರ್ ಪದವಿ ಒಂದು ವರ್ಷದ್ದು; ಕುರ್ಚಿ ಬೆಚ್ಚಗಾಗುವ ಮುನ್ನವೇ ಇಳಿಯುವ ಹೊತ್ತು. ವ್ಯಾಂಕೂವರಿನ ಮೇಯರಿಗೆ ನಾಲ್ಕು ವರ್ಷ ಸಿಗುತ್ತದೆ. ಆದರೆ ಕೌನ್ಸಿಲಿನಲ್ಲಿ ಅವರದೂ ಒಂದೇ ಓಟು.

ಒಂದು ವಿಷಯದಲ್ಲಿ ಮಾತ್ರ ನಮ್ಮ ಹಳ್ಳಿಗೂ ವ್ಯಾಂಕೂವರಿಗೂ ಆಶ್ಚರ್ಯಕರವಾದ ಹೋಲಿಕೆಯಿದೆ. ಪಂಚಾಯಿತಿಯ ಒಂದು ಕ್ಷೇತ್ರದಿಂದ ಎಷ್ಟು ಸದಸ್ಯರು ಆರಿಸಿ ಬರಬೇಕೋ ಅಷ್ಟು ಓಟು ಮತದಾರನ ಕೈಯಲ್ಲಿರುತ್ತದೆ. ಒಬ್ಬರಿಗೆ ಒಂದರಂತೆ ಹಾಕಬೇಕು. ವ್ಯಾಂಕೂವರಿನಲ್ಲಿ ವಾರ್ಡುಗಳಿಲ್ಲ, ಇಡೀ ನಗರವೇ ಒಂದು ಕ್ಷೇತ್ರ, ಕೌನ್ಸಿಲಿಗೆ ಹತ್ತು ಓಟು. ವಾರ್ಡುಗಳನ್ನು ಮಾಡೋಣವೇ ಎಂದು 2004ರಲ್ಲಿ ಜನರನ್ನು ಕೇಳಿದಾಗ ಬೇಡವೆಂದರು. ಈ ಪದ್ಧತಿಯ ಲೆಕ್ಕವನ್ನು ಮಕ್ಕಳು ಸ್ಲೇಟಿನ ಮೇಲೆ ಮಾಡಿ ನೋಡಬಹುದು. ಮೂರು ಸ್ಥಾನ, ಸಾವಿರ ಮತದಾರರು ಎಂದಿಟ್ಟುಕೊಳ್ಳಿ. ಒಂದು ಬಣದಲ್ಲಿ 550, ಇನ್ನೊಂದರಲ್ಲಿ 450. ಪ್ರತಿಯೊಬ್ಬರೂ ತಮ್ಮ ಬಣದ ಮೂವರಿಗೇ ಓಟು ಹಾಕಿದರೆ ಮೊದಲ ಬಣದ ಮೂವರಿಗೂ 550, ಎರಡನೆಯದರ ಮೂವರಿಗೂ 450. ಮೂರೂ ಸ್ಥಾನ ಮೊದಲ ಬಣಕ್ಕೆ! ಊರಿನ ಅರ್ಧಕ್ಕೆ ಸ್ವಲ್ಪ ಕಡಿಮೆ ಜನರಿಗೆ ಒಂದು ಸ್ಥಾನವೂ ಇಲ್ಲ. 2022ರಲ್ಲಿ ಕೆನ್ ಸಿಮ್ ಅವರ ಎಬಿಸಿ ಪಕ್ಷ ಕೌನ್ಸಿಲಿಗೆ ನಿಲ್ಲಿಸಿದ್ದ ಏಳೂ ಮಂದಿ, ಶಾಲಾ ಮಂಡಳಿಗೆ ನಿಲ್ಲಿಸಿದ್ದ ಐದೂ ಮಂದಿ ಗೆದ್ದುಬಂದದ್ದನ್ನು ಈ ಲೆಕ್ಕದ ಬೆಳಕಿನಲ್ಲಿ ನೋಡಬೇಕು. ನಮ್ಮ ಕಾಯ್ದೆಯಲ್ಲಿ ಮಹಿಳೆಯರಿಗೆ, ಪರಿಶಿಷ್ಟರಿಗೆ, ಹಿಂದುಳಿದವರಿಗೆ ಮೀಸಲಾತಿ ಇರುವುದರಿಂದ ಗೆಲ್ಲುವ ಬಣವೂ ಒಂದೇ ಕೇರಿಯವರಿಂದ ತುಂಬಿಹೋಗುವಂತಿಲ್ಲ. ಆ ರಕ್ಷಣೆ ವ್ಯಾಂಕೂವರಿನಲ್ಲಿಲ್ಲ.

ಹಾಗಾದರೆ ನಮ್ಮಲ್ಲಿ ಶಾಲಾ ಟ್ರಸ್ಟಿ ಯಾರು? ಹಳೆಯ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ, ವಿಜಾಪುರದ ಕಡೆಯ ಹಿರಿಯರಿಗೆ ‘ಜಿಲ್ಲಾ ಸ್ಕೂಲ್ ಬೋರ್ಡ್’ ಗೊತ್ತಿತ್ತು. ಪ್ರಾಥಮಿಕ ಶಾಲೆಗಳನ್ನು ನಡೆಸುತ್ತಿದ್ದ ಮಂಡಳಿ ಅದು. ಹಳೆಯ ಮೈಸೂರಿನ ನಮಗೆ ಶಾಲೆಯೆಂದರೆ ಇಲಾಖೆ, ಇಲಾಖೆಯೆಂದರೆ ಇನ್‌ಸ್ಪೆಕ್ಟರು. ಅಣುವಿಜ್ಞಾನಿ ಡಾ. ರಾಜಾ ರಾಮಣ್ಣ ಅವರ ನೇತೃತ್ವದ ಶಿಕ್ಷಣ ಕಾರ್ಯಪಡೆ ಇದನ್ನು ಬದಲಿಸಬೇಕೆಂದಿತು. ಅದರಂತೆ 2001ರ ಏಪ್ರಿಲ್‌ನ ಸರ್ಕಾರಿ ಆದೇಶದಿಂದ ಹುಟ್ಟಿದ್ದು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಲ್ಲರ ಬಾಯಲ್ಲಿರುವ ಎಸ್‌ಡಿಎಂಸಿ. ಶಾಲೆಯ ಪೋಷಕರೆಲ್ಲ ಸೇರಿ ತಮ್ಮಲ್ಲೇ ಒಂಬತ್ತು ಮಂದಿಯನ್ನು ಆರಿಸುವ ಏರ್ಪಾಡು ಅದು. ವ್ಯಾಂಕೂವರಿನ ಟ್ರಸ್ಟಿಗಳೂ ಒಂಬತ್ತು ಮಂದಿಯೇ ಎಂಬುದು ಕಾಕತಾಳೀಯ. 2009ರ ಶಿಕ್ಷಣ ಹಕ್ಕು ಕಾಯ್ದೆ ಇಂಥ ಸಮಿತಿಯನ್ನು ದೇಶಕ್ಕೆಲ್ಲ ವಿಸ್ತರಿಸಿತು. ಸದಸ್ಯರಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು ಎಂದು ವಿಧಿಸಿತು.

ಟೊರಾಂಟೊದಲ್ಲಿ ನೆಲೆಸಿದ ಕನ್ನಡದ ಕುಟುಂಬಕ್ಕೆ ಪೌರತ್ವ ಸಿಗುವವರೆಗೂ ಟ್ರಸ್ಟಿಯನ್ನು ಆರಿಸುವ ಹಕ್ಕಿಲ್ಲ, ಮಗು ಅಲ್ಲಿನ ಶಾಲೆಗೇ ಹೋಗುತ್ತಿದ್ದರೂ. ಇಲ್ಲಿ ಹಾಗಲ್ಲ. ಬೇರೆ ಜಿಲ್ಲೆಯಿಂದ ಕೂಲಿಗೆ ಬಂದವರ ಮಗು ಸರ್ಕಾರಿ ಶಾಲೆಯ ಹಾಜರಿ ಪುಸ್ತಕದಲ್ಲಿದ್ದರೆ ಸಾಕು, ತಂದೆತಾಯಿ ಆ ಸಭೆಯಲ್ಲಿ ಕೂತು ಕೈಯೆತ್ತಬಹುದು. ಶಾಲೆಯ ಅನುದಾನದ ಖರ್ಚು, ಬಿಸಿಯೂಟದ ರುಚಿ, ಮಕ್ಕಳ ಶೂ ಸಾಕ್ಸಿನ ಖರೀದಿ, ಮುಂದಿನ ಮೂರು ವರ್ಷದ ಅಭಿವೃದ್ಧಿ ಯೋಜನೆ, ಇವೆಲ್ಲ ಈ ಸಮಿತಿಯ ಮುಂದೆ ಬರುವ ವಿಷಯಗಳು. ಶಿಕ್ಷಕರ ನೇಮಕ, ವರ್ಗಾವಣೆ ಮಾತ್ರ ಇಲಾಖೆಯ ಕೈಯಲ್ಲೇ ಉಳಿದಿವೆ. ಶಾಲೆಯನ್ನು ಪಕ್ಕದ ಊರಿನದರೊಡನೆ ವಿಲೀನ ಮಾಡುವ ದೊಡ್ಡ ತೀರ್ಮಾನವೂ ಅಲ್ಲಿಯದೇ.

ಇಷ್ಟಾದರೂ ಪಂಚಾಯಿತಿ ಓಟಿಗೆ ಬೆಂಗಳೂರಿನಿಂದ ಬಸ್ಸು ಹಿಡಿದು ಬರುವ ತಂದೆ, ಎಸ್‌ಡಿಎಂಸಿ ರಚನೆಯ ಸಭೆಯ ದಿನ ಊರಿನಲ್ಲಿದ್ದರೂ ಶಾಲೆಯ ಕಡೆ ತಲೆ ಹಾಕುವುದಿಲ್ಲ. ಗುಟ್ಟಿನ ಮತದಾನವಿಲ್ಲದೆ ‘ಒಮ್ಮತ’ದ ಹೆಸರಿನಲ್ಲಿ ಊರಿನ ಪ್ರಭಾವಿಗಳು ಹೇಳಿದವರೇ ಅಧ್ಯಕ್ಷರಾಗುವುದು ಎಷ್ಟೋ ಕಡೆ ರೂಢಿಯಾಗಿಬಿಟ್ಟಿದೆ. ಕೂಲಿ ಬಿಟ್ಟು ಬರಲಾಗದ ತಾಯಂದಿರ ಹೆಸರು ಪಟ್ಟಿಯಲ್ಲಿರುತ್ತದೆ, ಸಹಿ ಮನೆಗೆ ಹುಡುಕಿಕೊಂಡು ಹೋಗುತ್ತದೆ. ಸಭೆಯನ್ನು ಸಂಜೆಗೋ ಭಾನುವಾರಕ್ಕೋ ಇಟ್ಟರೆ ಈ ಚಿತ್ರ ಸ್ವಲ್ಪವಾದರೂ ಬದಲಾದೀತು.

ಇನ್ನೊಂದು ಗುಂಪಿನ ಪೋಷಕರಿದ್ದಾರೆ. ಬೆಳಗಿನ ವ್ಯಾನಿನಲ್ಲಿ ಮಗುವನ್ನು ಪಟ್ಟಣದ ಖಾಸಗಿ ಶಾಲೆಗೆ ಕಳಿಸುವವರು. ಅನುದಾನರಹಿತ ಶಾಲೆಗೆ ಕಾಯ್ದೆಯ ಈ ಸಮಿತಿಯ ನಿಯಮ ಅನ್ವಯಿಸದು. ಅಲ್ಲಿ ಫೀಜು ಕಟ್ಟಿದ ರಸೀದಿ ಸಿಗುತ್ತದೆ, ಓಟು ಸಿಗುವುದಿಲ್ಲ. ಊರಿನ ಶಾಲೆಯ ಸಭೆಯಲ್ಲೂ ಅವರಿಗೆ ಜಾಗವಿಲ್ಲ, ಏಕೆಂದರೆ ಅವರ ಮಗು ಅಲ್ಲಿಲ್ಲ. ಮಾತು ಬಲ್ಲ, ಲೆಕ್ಕ ಕೇಳಬಲ್ಲ ಪೋಷಕರು ಹೀಗೆ ಒಬ್ಬೊಬ್ಬರಾಗಿ ಹೊರಗೆ ಹೋದಂತೆ ಸಮಿತಿ ಬಡವಾಗುತ್ತದೆ, ಶಾಲೆ ಇನ್ನಷ್ಟು ಸೊರಗುತ್ತದೆ, ಮತ್ತೆ ನಾಲ್ಕು ಮಂದಿ ವ್ಯಾನ್ ಹತ್ತುತ್ತಾರೆ. ಕೆನಡಾದ ಪದ್ಧತಿಯಲ್ಲಿ ಮೆಚ್ಚಬೇಕಾದ ಅಂಶವೊಂದಿದ್ದರೆ ಅದು ಇದೇ: ಮಗು ಎಲ್ಲೇ ಓದಲಿ, ಮಗುವೇ ಇಲ್ಲದಿರಲಿ, ಊರಿನ ಸರ್ಕಾರಿ ಶಾಲೆ ಇಡೀ ಊರಿನ ಓಟಿಗೆ ಸೇರಿದ್ದು.

ಓಟಿನ ವಯಸ್ಸಾಗದ ವಿದ್ಯಾರ್ಥಿಗಳಿಗೆ ಏನೂ ಇಲ್ಲವೇ? ಆನ್ಟೇರಿಯೊದ ಶಾಲಾ ಮಂಡಳಿಗಳಲ್ಲಿ ವಿದ್ಯಾರ್ಥಿಗಳೇ ಆರಿಸಿದ ‘ವಿದ್ಯಾರ್ಥಿ ಟ್ರಸ್ಟಿ’ ಇರುತ್ತಾರೆ. ಮಾತಾಡಬಹುದು, ಆದರೆ ಅವರ ಮತ ಲೆಕ್ಕಕ್ಕೆ ಸೇರದು. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕು. ಬಾಗಿಲಿಲ್ಲದ ಶೌಚಾಲಯ, ನಿಲ್ಲದೆ ಹೋಗುವ ಬಸ್ಸು, ಶಾಲೆಯ ಪಕ್ಕದ ಗುಟ್ಕಾ ಅಂಗಡಿ, ಏನನ್ನು ಬೇಕಾದರೂ ಅಲ್ಲಿ ಅಧ್ಯಕ್ಷರ ಎದುರಿಗೇ ಕೇಳಬಹುದು. ಕೇಳಿದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಮುಂದಿನ ವರ್ಷದ ಸಭೆಯಲ್ಲಿ ಮೊದಲು ಆ ಪುಟವನ್ನೇ ಓದಿಸುವುದು ಮಕ್ಕಳಿಗೆ ಬಿಟ್ಟ ಕೆಲಸ.